ಅಮೇರಿಕೆಯ ವಿದ್ಯಾಪೀಠಗಳ ಬಾಗಿಲು ಮತ್ತು ಬಡವನ ಮಗು

(ನಮ್ಮ ಊರಿನ ಶಿಕ್ಷಕರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ವಕೀಲನಾದವನು ವ್ಯಾಸಪೀಠವನ್ನೇರಿದರೆ ಕಾಯದೆಯ ಮಾತನ್ನಲ್ಲದೆ ಬೇರೊಂದನ್ನು ಆಡಲಾರನೆಂದು ನಿಮ್ಮಲ್ಲಿ ಕೆಲವರಾದರೂ ಬಗೆದು ಬಂದಿರಬಹುದು. ಆದರೆ ಈ ಸಂಜೆ ನಾವು ಆಡಬೇಕೆಂದಿರುವದು ಪಾಠಶಾಲೆಯ ಮಾತು; ಅದೂ ಸಪ್ತಸಮುದ್ರಗಳಾಚೆಯ ಪಾಠಶಾಲೆಗಳ ಮಾತು. ನಡುವೆ ಕಾಯದೆಯು ತಾನಾಗಿಯೇ ಬಂದು ಹೊಕ್ಕರೆ ಅದಕ್ಕೆ ನಾವು ಹೊಣೆಯಲ್ಲ.

ಈ ವಿಷಯವು ನಮ್ಮ ತಲೆಯನ್ನು ಹೊಕ್ಕ ಬಗೆಯನ್ನು ಮೊದಲು ಹೇಳುವೆವು. ಕಳೆದ ದೀಪಾವಳಿಯ ಪಾಡ್ಯದ ಮರುದಿನ ಪ್ರೌಢಶಾಲೆಯ ಮಾಸ್ತರರೊಬ್ಬರು ಕಾಗದಗಳ ಕಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಯಾವದೋ ಹೊಲದ ಬಾಂದಿನ ತಕರಾರಿರಬೇಕೆಂದು ನಾವು ಕನ್ನಡಕವನ್ನು ಹುಡುಕಿದೆವು. ಅದು ಹೊಲದ ತಕರಾರಲ್ಲ. ಅವರ ಮಗಳು ಹನ್ನೆರಡನೆಯ ಇಯತ್ತೆಯಲ್ಲಿ ಓದುತ್ತಿರುವಳು. ಗಣಿತದಲ್ಲಿ ಅವಳಿಗೆ ಸರಿಸಾಟಿಯಾದವರು ಈ ಸುತ್ತಿನಲ್ಲಿಲ್ಲ. ಅಮೇರಿಕೆಯ ಒಂದು ಹೆಸರಾಂತ ಕಾಲೇಜಿಗೆ ಅವಳು ಅರ್ಜಿಯನ್ನು ತುಂಬುತ್ತಿದ್ದಳು. ಅರ್ಜಿಯ ನಡುವೆ ಒಂದು ಚಿಕ್ಕ ಪ್ರಶ್ನೆಯಿದ್ದಿತು: ನಿಮಗೆ ಧನಸಹಾಯವು ಬೇಕೋ ಬೇಡವೋ? ಮುಂದೆ ಎರಡು ಚೌಕಗಳು.

"ವಕೀಲಸಾಹೇಬರೇ," ಎಂದರು ಮಾಸ್ತರರು, "ಬೇಕು ಎಂಬಲ್ಲಿ ಗುರುತು ಹಾಕಿದರೆ ಹುಡುಗಿಯನ್ನು ತೆಗೆದುಕೊಳ್ಳುವದೇ ಇಲ್ಲವೆಂದು ಪೇಟೆಯ ಸಲಹೆಗಾರನು ಹೇಳುತ್ತಾನೆ. ಬೇಡ ಎಂದು ಬರೆದರೆ ತೆಗೆದುಕೊಂಡಾರು. ಆದರೆ ಕಳಿಸುವದು ಯಾವ ದುಡ್ಡಿನಿಂದ? ಇದ್ದದ್ದನ್ನು ಇದ್ದಂತೆ ಹೇಳುವದಕ್ಕೆ ಆ ದೇಶದಲ್ಲಿ ದಂಡವಿದೆಯೇ?"

ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಕಡೆಯಲ್ಲಿ ನಾದಾರಿಯ ಅರ್ಜಿಯನ್ನು ಬರೆಯುವಾಗ ಹುಡುಗನಿಗೆ ನಾಚಿಕೆಯಾಗುತ್ತಿದ್ದಿತು, ನಿಜ. ಆದರೆ ನಾದಾರಿಯನ್ನು ಬೇಡಿದನೆಂಬ ಮಾತ್ರಕ್ಕೆ ಅವನ ಹೆಸರನ್ನು ಹಾಜರಿಪಟ್ಟಿಗೆ ಹಚ್ಚದೆ ಬಿಟ್ಟ ಶಾಲೆಯನ್ನು ನಾವು ಕಂಡಿಲ್ಲ. "ಮಾಸ್ತರರೇ, ನಮಗೆ ಹತ್ತು ದಿನಗಳ ಮುದ್ದತ್ತು ಕೊಡಿರಿ" ಎಂದು ಅವರನ್ನು ಕಳಿಸಿದೆವು. ಆ ಹತ್ತು ದಿನಗಳು ತಿಂಗಳಾದವು. ಓದಿದಂತೆಲ್ಲ ಆ ಎರಡು ಚೌಕಗಳ ಹಿಂದೆ ನೂರು ವರುಷಗಳ ಕಥೆಯೊಂದು ಅಡಗಿರುವದು ನಮಗೆ ತಿಳಿದುಬಂದಿತು. ಅದನ್ನೇ ಈಗ ನಿಮ್ಮ ಮುಂದಿಡುವೆವು.

ಹಾರ್ವರ್ಡ್ ವಿದ್ಯಾಪೀಠವು ೧೬೩೬ರಲ್ಲಿ ಹುಟ್ಟಿತು. ಏಳೇ ವರುಷಗಳಲ್ಲಿ, ೧೬೪೩ರಲ್ಲಿ, ಲಂಡನ್ನಿನ ಆನ್ ರಾಡ್‌ಕ್ಲಿಫ್ ಮೌಲ್ಸನ್ ಎಂಬ ವಿಧವೆಯು ಬಡ ವಿದ್ಯಾರ್ಥಿಯ ಪೋಷಣೆಗೆಂದು ಅದಕ್ಕೆ ನೂರು ಪೌಂಡುಗಳನ್ನು ದಾನವಿತ್ತಳು. ಆ ನಾಡಿನಲ್ಲಿ ವಿದ್ಯಾರ್ಥಿವೇತನದ ಇತಿಹಾಸವು ಆ ಹೆಂಗಸಿನ ಹೆಸರಿನಿಂದಲೇ ಆರಂಭವಾಗುವದು. ಆದರೆ ಅವಳ ದಾನವನ್ನು ತೆಗೆದುಕೊಂಡ ವಿದ್ಯಾಪೀಠವು ಮುಂದೆ ಮೂರು ಶತಮಾನಗಳವರೆಗೆ ಹೆಣ್ಣುಮಕ್ಕಳನ್ನು ತನ್ನ ವಿದ್ಯಾರ್ಥಿಗಳೆಂದು ಒಪ್ಪಲಿಲ್ಲ. ೧೮೯೪ರಲ್ಲಿ ಪಕ್ಕದಲ್ಲಿಯೇ ಹೆಣ್ಣುಮಕ್ಕಳ ಬೇರೊಂದು ಕಾಲೇಜಿಗೆ ರಾಡ್‌ಕ್ಲಿಫ್ ಎಂದು ಅವಳ ಹೆಸರನ್ನಿಟ್ಟು ಋಣವನ್ನು ತೀರಿಸಿಕೊಂಡರು!

ಆ ಹಳೆಯ ಕಾಲದ ಪ್ರವೇಶಪದ್ಧತಿಯು ಸರಳವಾದದ್ದು. ಲ್ಯಾಟಿನ್, ಗ್ರೀಕ್, ಗಣಿತ ಇವುಗಳಲ್ಲಿ ಪರೀಕ್ಷೆ. ತೇರ್ಗಡೆಯಾದವನು ಒಳಗೆ ಬರಲಿ. ಇಂದಿನಂತೆ ಒಂದು ಸ್ಥಳಕ್ಕೆ ಇಪ್ಪತ್ತು ಜನರು ಕಾದು ನಿಂತಿರುತ್ತಿರಲಿಲ್ಲ. ಬಾಗಿಲಿಗೆ ಬೀಗವೇ ಇರಲಿಲ್ಲವೆಂದರೂ ಸಲ್ಲುವದು. ಆದರೆ ಬಾಗಿಲವರೆಗೆ ಹೋಗುವ ದಾರಿಯು ಧನಿಕರ ವಸತಿಶಾಲೆಗಳ ಅಂಗಳದೊಳಗಿಂದಲೇ ಹಾದುಹೋಗುತ್ತಿದ್ದಿತು. ಸರಕಾರಿ ಪ್ರೌಢಶಾಲೆಯಲ್ಲಿ ಗ್ರೀಕನ್ನು ಕಲಿಸುವವರು ಎಲ್ಲಿದ್ದರು? ಒಂದೊಂದು ಕಾಲೇಜಿಗೆ ಒಂದೊಂದು ಬೇರೆ ಪರೀಕ್ಷೆಯಿದ್ದ ಈ ಗೊಂದಲವನ್ನು ತಪ್ಪಿಸುವದಕ್ಕಾಗಿ ೧೯೦೦ರಲ್ಲಿ ಒಂದು ಸಾಮಾನ್ಯ ಪರೀಕ್ಷಾಮಂಡಲವು ಸ್ಥಾಪಿತವಾಯಿತು. ೧೯೦೧ರ ಜೂನ್ ತಿಂಗಳಲ್ಲಿ ಅದರ ಮೊದಲನೆಯ ಪರೀಕ್ಷೆಗೆ ಕುಳಿತವರು ೯೭೩ ಜನರು.

ಪರೀಕ್ಷೆಯೊಂದೇ ಬಾಗಿಲಾದಾಗ ಏನಾಯಿತೆಂಬುದು ಕೇಳತಕ್ಕ ಸಂಗತಿ. ರಶಿಯಾ, ಪೋಲಂಡ್ ದೇಶಗಳಲ್ಲಿ ಹಿಂಸೆಗೊಳಗಾಗಿ ಓಡಿಬಂದ ಯೆಹೂದ್ಯರು ನ್ಯೂಯಾರ್ಕ್, ಬೋಸ್ಟನ್ ನಗರಗಳಲ್ಲಿ ನೆಲೆಸಿದ್ದರು. ತಂದೆಯು ಬಟ್ಟೆ ಹೊಲಿಯುವವನು, ಇಲ್ಲವೆ ತಳ್ಳುಬಂಡಿಯ ವ್ಯಾಪಾರಿ. ಮಗನು ಸರಕಾರಿ ಶಾಲೆಯಲ್ಲಿ ಓದಿ, ಅದೇ ಪರೀಕ್ಷೆಯನ್ನು ಕಟ್ಟಿ, ಅದರಲ್ಲಿ ಮೇಲಿನ ಅಂಕಗಳನ್ನು ಪಡೆದು ಬಾಗಿಲಿಗೆ ಬಂದು ನಿಂತನು! ೧೯೦೦ರ ಸುಮಾರಿಗೆ ಹಾರ್ವರ್ಡಿನಲ್ಲಿ ಯೆಹೂದ್ಯ ವಿದ್ಯಾರ್ಥಿಗಳು ನೂರಕ್ಕೆ ಏಳರಷ್ಟಿದ್ದರು. ೧೯೨೨ರ ಹೊತ್ತಿಗೆ ಇಪ್ಪತ್ತೊಂದರಷ್ಟಾದರು.

ಆಗ ಅಲ್ಲಿಯ ಅಧ್ಯಕ್ಷನಾಗಿದ್ದವನು ಅಬಟ್ ಲಾರೆನ್ಸ್ ಲೊವೆಲ್. ಒಂದು ಕಾಲಕ್ಕೆ ನಮ್ಮಂತೆಯೇ ವಕೀಲಿಯನ್ನು ಮಾಡಿದವನು. ಇದನ್ನು ಹೇಳುವದಕ್ಕೆ ನಮಗೆ ಸ್ವಲ್ಪ ಸಂಕೋಚವಾಗುತ್ತದೆ. ಯೆಹೂದ್ಯರ ಸಂಖ್ಯೆಯು ನೂರಕ್ಕೆ ಹದಿನೈದನ್ನು ಮೀರದಂತೆ ಮಿತಿಯನ್ನು ಹಾಕಬೇಕೆಂದು ಅವನು ೧೯೨೨ರಲ್ಲಿ ಸೂಚಿಸಿದನು. ಅವರ ಸಂಖ್ಯೆಯು ಬೆಳೆದಂತೆ ಅವರ ಮೇಲಿನ ದ್ವೇಷವೂ ಬೆಳೆಯುವದು, ಆದುದರಿಂದ ಸಂಖ್ಯೆಯನ್ನು ಇಳಿಸುವದು ಅವರ ಹಿತಕ್ಕಾಗಿಯೇ ಎಂಬುದು ಅವನ ವಾದವು. ಹೊಡೆತವನ್ನು ತಿಂದವನ ಒಳ್ಳೆಯದಕ್ಕಾಗಿಯೇ ಹೊಡೆದೆನೆಂದು ಹೇಳುವ ಆರೋಪಿಗಳನ್ನು ನಾವೂ ಕಂಡಿದ್ದೇವೆ. ಅಧ್ಯಾಪಕರ ಸಮಿತಿಯು ೧೯೨೩ರಲ್ಲಿ ಈ ಸೂಚನೆಯನ್ನು ತಳ್ಳಿಹಾಕಿತು. ಅವರಿಗೆ ಗೌರವವು ಸಲ್ಲಬೇಕು.

ಆದರೆ ಲೊವೆಲ್ಲನು ಸುಮ್ಮನಾಗಲಿಲ್ಲ. ಮುಂಬಾಗಿಲಿನಿಂದ ಬರಲಾರದ್ದು ಅರ್ಜಿಯ ಕಾಗದದೊಳಗಿಂದ ಬಂದಿತು. ೧೯೨೨ರಿಂದಲೇ ಹಾರ್ವರ್ಡಿನ ಅರ್ಜಿಯಲ್ಲಿ ಹೊಸ ಪ್ರಶ್ನೆಗಳು ಕಾಣಿಸಿಕೊಂಡಿದ್ದವು: ನಿನ್ನ ಜನಾಂಗ ಯಾವದು, ತಾಯಿಯ ತವರಿನ ಅಡ್ಡಹೆಸರೇನು, ನೀನು ಹುಟ್ಟಿದ ಮೇಲೆ ನಿನ್ನ ಅಥವಾ ನಿನ್ನ ತಂದೆಯ ಹೆಸರಿನಲ್ಲಿ ಏನಾದರೂ ಬದಲಾವಣೆಯಾಗಿದೆಯೇ? ಅಡ್ಡಹೆಸರಿನಿಂದ ಮನೆತನವನ್ನೂ ಮನೆತನದಿಂದ ಜಾತಿಯನ್ನೂ ತಿಳಿದುಕೊಳ್ಳುವ ವಿದ್ಯೆಯನ್ನು ನಮ್ಮ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಪ್ರಶ್ನೆಗಳ ಅರ್ಥವು ನಿಮಗೆ ಕೂಡಲೇ ಹೊಳೆದಿರಬೇಕು. ಮುಂದೆ ಪ್ರವೇಶಸಂಖ್ಯೆಗೆ ಒಂದು ಮಿತಿಯನ್ನು ಹಾಕಿ, ೧೯೨೬ರಲ್ಲಿ, ಅಂಕಗಳಷ್ಟೇ ಸಾಲವು, ವಿದ್ಯಾರ್ಥಿಯ ಶೀಲವನ್ನೂ ಒಟ್ಟು ವ್ಯಕ್ತಿತ್ವವನ್ನೂ ನೋಡಬೇಕೆಂಬ ನಿಯಮವನ್ನು ತಂದರು. ಭಾವಚಿತ್ರವನ್ನು ಲಗತ್ತಿಸಬೇಕು, ಪರಿಚಯಸ್ಥರ ಶಿಫಾರಸು ಪತ್ರಗಳು ಬೇಕು, ಮುಖತಃ ಸಂದರ್ಶನವಾಗಬೇಕು. ಮಿತಿಯೆಂಬ ಶಬ್ದವು ಎಲ್ಲಿಯೂ ಇಲ್ಲ. ಯೆಹೂದ್ಯರ ಸಂಖ್ಯೆಯು ಮಾತ್ರ ಲೊವೆಲ್ಲನು ಬಯಸಿದ ಹದಿನೈದರ ಆಸುಪಾಸಿಗೆ ಇಳಿದುಹೋಯಿತು. ಅದೇ ದಶಕದಲ್ಲಿಯೇ, ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಪ್ರವೇಶದಲ್ಲಿ ಮೊದಲ ಮಣೆಯೆಂಬ ರಿಯಾಯತಿಯೂ ಈ ಕಾಲೇಜುಗಳಲ್ಲಿ ಬೇರೂರಿತು. ಅದನ್ನು ಅವರು ಲೆಗಸಿ ಎನ್ನುವರು. ನಮ್ಮಲ್ಲಿ ಅದಕ್ಕೆ ವತನ ಎಂಬ ಒಳ್ಳೆಯ ಶಬ್ದವಿದೆ.

ಶೀಲವು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಅಂಕವನ್ನು ಪುನಃ ಎಣಿಸಿ ನೋಡಬಹುದು, ಮೇಲ್ಮನವಿ ಮಾಡಬಹುದು. ಶೀಲವನ್ನು ಅಳೆದವನ ಅಳತೆಗೋಲನ್ನು ಪರೀಕ್ಷಿಸುವವರು ಯಾರು?

ನ್ಯೂಯಾರ್ಕಿನ ಕೊಲಂಬಿಯಾ ವಿದ್ಯಾಪೀಠವು ಈ ಕೆಲಸದಲ್ಲಿ ಹಾರ್ವರ್ಡಿಗಿಂತ ಮುಂದೆ ಹೋಗಿದ್ದಿತು. ತನ್ನ ಕಾಲೇಜಿನಲ್ಲಿ ಯೆಹೂದ್ಯರ ಪ್ರಮಾಣವನ್ನು ೧೯೨೧ರ ಹೊತ್ತಿಗೇ ಸುಮಾರು ಅರ್ಧಕ್ಕಿಳಿಸಿದ್ದಿತು. ಇದೇ ಕೊಲಂಬಿಯಾದಲ್ಲಿ ೧೯೧೩ರಿಂದ ೧೯೧೬ರವರೆಗೆ ಡಾ. ಅಂಬೇಡಕರರು ಓದಿದರೆಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಅವರನ್ನು ಅಲ್ಲಿಗೆ ಕಳಿಸಿದ್ದು ಬಡೋದೆಯ ಸಯಾಜಿರಾವ್ ಮಹಾರಾಜರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವೇತನವು. ಒಂದೇ ವಿದ್ಯಾಪೀಠವು ದೂರದಿಂದ ಬಂದ ಒಬ್ಬ ಅಸ್ಪೃಶ್ಯ ಯುವಕನಿಗೆ ಗುರುಗಳನ್ನು ಕೊಟ್ಟಿತು. ಅದರ ಕಾಲೇಜು ಪಕ್ಕದ ಬೀದಿಯ ಯೆಹೂದ್ಯ ಹುಡುಗನ ಮುಖದ ಮೇಲೆ ಬಾಗಿಲನ್ನು ಹಾಕಿತು. ಎರಡೂ ನಿಜವು.

ಹಾಗೆ ಹೊರಗುಳಿದ ಹುಡುಗರು ಎಲ್ಲಿಗೆ ಹೋದರು? ಅದೇ ನಗರದಲ್ಲಿ, ೧೮೪೭ರಲ್ಲಿ ಜನರ ಮತದಿಂದ ಸ್ಥಾಪಿತವಾಗಿ, ಫೀ ಎಂಬುದನ್ನೇ ಕೇಳದೆ ನಡೆದುಬಂದ ಸಿಟಿ ಕಾಲೇಜಿಗೆ. ಅಲ್ಲಿ ಓದಿದ ಫೆಲಿಕ್ಸ್ ಫ್ರಾಂಕ್‌ಫರ್ಟರನು ಹಾರ್ವರ್ಡಿನಲ್ಲಿಯೇ ಕಾಯದೆಯ ಪ್ರಾಧ್ಯಾಪಕನಾಗಿ, ಮುಂದೆ ಅಮೇರಿಕೆಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದನು. ಪೋಲಿಯೋ ರೋಗಕ್ಕೆ ಲಸಿಕೆಯನ್ನು ಕಂಡುಹಿಡಿದ ಜೋನಾಸ್ ಸಾಲ್ಕನೂ ಅಲ್ಲಿಯವನೇ. ಆ ಕಾಲೇಜಿಗೆ ೧೯೭೬ರಲ್ಲಿ, ನಗರದ ಬೊಕ್ಕಸವು ಬರಿದಾದಾಗ, ಫೀಯನ್ನು ಹಚ್ಚಿದರು. ೧೨೯ ವರುಷಗಳ ಪದ್ಧತಿಯು ಒಂದು ಕೆಟ್ಟ ವರುಷದಲ್ಲಿ ಹೋಯಿತು.

ಇನ್ನು ಹಣದ ಮಾತು. ೧೯೩೩ರಲ್ಲಿ ಲೊವೆಲ್ಲನ ಗಾದಿಗೆ ಜೇಮ್ಸ್ ಬ್ರಾಯಂಟ್ ಕಾನಂಟ್ ಎಂಬ ರಸಾಯನಶಾಸ್ತ್ರಜ್ಞನು ಬಂದನು. ವಾರ್ಷಿಕ ಫೀಯು ಆಗ ೪೦೦ ಡಾಲರು. ದೂರದ ಪ್ರಾಂತಗಳ ಜಾಣ ಹುಡುಗರನ್ನು ಹುಡುಕಿ ತರುವದಕ್ಕಾಗಿ ೧೯೩೪ರಲ್ಲಿ ಅವನು ರಾಷ್ಟ್ರೀಯ ವಿದ್ಯಾರ್ಥಿವೇತನಗಳನ್ನು ಆರಂಭಿಸಿದನು. ಅದರಲ್ಲಿದ್ದ ಯುಕ್ತಿಯು ಬಹಳ ಒಳ್ಳೆಯದು: ವೇತನವು ಯಾರಿಗೆಂಬುದನ್ನು ಹುಡುಗನ ಜಾಣತನವು ನಿರ್ಣಯಿಸಬೇಕು, ಎಷ್ಟೆಂಬುದನ್ನು ತಂದೆಯ ವರಮಾನವು ನಿರ್ಣಯಿಸಬೇಕು. ಶ್ರೀಮಂತನ ಮಗನಿಗೆ ಗೌರವ ಹೆಚ್ಚು, ಹಣವು ಹೆಸರಿಗಷ್ಟೇ. ಬಡವನ ಮಗನಿಗೆ ಊಟ ವಸತಿಗಳೂ ಸೇರಿ ಎಲ್ಲವೂ. ಹೀಗೆ ವೇತನವನ್ನು ಪಡೆಯುವವನು ಬಡವನೆಂಬ ಹಣೆಪಟ್ಟಿಯು ಕಳಚಿಬಿದ್ದಿತು. ವಾರಾನ್ನದ ಮನೆಗಳಲ್ಲಿ ಉಂಡು ಕಲಿತ ನಮ್ಮ ಹಿರಿಯರಿಗೆ ಇದರ ಬೆಲೆಯು ತಿಳಿಯುತ್ತಿದ್ದಿತು.

ಜಾಣತನವನ್ನು ಅಳೆಯುವದು ಹೇಗೆ? ಸ್ಯಾಟ್ ಎಂಬ ಪರೀಕ್ಷೆಯನ್ನು ಅವನು ಹಿಡಿದುಕೊಂಡನು. ೧೯೨೬ರ ಜೂನ್ ೨೩ರಂದು ಸುಮಾರು ಎಂಟು ಸಾವಿರ ಜನರು ಮೊದಲನೆಯ ಸಲ ಬರೆದ ಈ ಪರೀಕ್ಷೆಯನ್ನು ರಚಿಸಿದವನು ಪ್ರಿನ್ಸ್‌ಟನ್ನಿನ ಕಾರ್ಲ್ ಬ್ರಿಗ್‌ಹ್ಯಾಮ್. ಜನಾಂಗಕ್ಕೆ ತಕ್ಕಂತೆ ಬುದ್ಧಿಯು ಹೆಚ್ಚು ಕಡಿಮೆಯಾಗಿರುವದೆಂದು ೧೯೨೩ರಲ್ಲಿ ಗ್ರಂಥವನ್ನು ಬರೆದಿದ್ದ ಈ ಮನುಷ್ಯನು ೧೯೩೦ರಲ್ಲಿ ಅದು ತನ್ನ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡನು. ಇಂಥ ಕೈಯಿಂದ ಹುಟ್ಟಿದ ಪರೀಕ್ಷೆಯು ಬಡ ಹುಡುಗರಿಗೆ ದಾರಿಯಾದದ್ದು ವಿಚಿತ್ರವಲ್ಲವೇ?

ಮಹಾಯುದ್ಧವು ಮುಗಿಯುತ್ತ ಬಂದಾಗ, ೧೯೪೪ರಲ್ಲಿ, ಮರಳಿ ಬರುವ ಸೈನಿಕರ ಫೀಯನ್ನು ವರುಷಕ್ಕೆ ೫೦೦ ಡಾಲರುಗಳವರೆಗೆ ಸರಕಾರವೇ ಕೊಡಬೇಕೆಂಬ ಕಾಯದೆಯಾಯಿತು. ಸುಮಾರು ೨೨ ಲಕ್ಷ ಸೈನಿಕರು ಅದರಿಂದ ಕಾಲೇಜುಗಳನ್ನು ಹೊಕ್ಕರು. ಅಯೋಗ್ಯರೆಲ್ಲ ಒಳಗೆ ನುಗ್ಗುವರೆಂದು ಮೊದಲಿಗೆ ಅಂಜಿದವರಲ್ಲಿ ಕಾನಂಟನೂ ಒಬ್ಬನು. ಮುಂದೆ ಅವನೇ, ಹಾರ್ವರ್ಡಿಗೆ ಇಷ್ಟು ಒಳ್ಳೆಯ ವಿದ್ಯಾರ್ಥಿಗಳು ಹಿಂದೆಂದೂ ಬಂದಿರಲಿಲ್ಲವೆಂದು ಹೇಳಬೇಕಾಯಿತು. ಆದರೆ ದಕ್ಷಿಣ ಪ್ರಾಂತಗಳ ಕರಿಯ ಸೈನಿಕರಿಗೆ ಈ ಕಾಯದೆಯ ಫಲವು ಅರೆಪಾಲೂ ದೊರೆಯಲಿಲ್ಲ. ಹಣವು ಕೈಗೆ ಬಂದರೂ ಅಲ್ಲಿಯ ಬಿಳಿಯರ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

೧೯೫೪ರಲ್ಲಿ ಕಾಲೇಜುಗಳೆಲ್ಲ ಕೂಡಿ, ಹಾರ್ವರ್ಡಿನ ಜಾನ್ ಮನ್ರೋ ಎಂಬವನು ಹಾಕಿಕೊಟ್ಟ ಲೆಕ್ಕದ ಜಾಡಿನಲ್ಲಿ, ಒಂದು ಕುಟುಂಬವು ಎಷ್ಟನ್ನು ಕೊಡಬಲ್ಲುದೆಂಬುದನ್ನು ಗೊತ್ತುಮಾಡುವ ಸಾಮಾನ್ಯ ಪದ್ಧತಿಯನ್ನು ಏರ್ಪಡಿಸಿದವು. ೧೯೬೬ರಲ್ಲಿ ಯೇಲ್ ವಿದ್ಯಾಪೀಠವು ಇನ್ನೊಂದು ಹೆಜ್ಜೆಯನ್ನಿಟ್ಟಿತು. ಅಧ್ಯಕ್ಷನು ಕಿಂಗ್‌ಮನ್ ಬ್ರೂಸ್ಟರ್, ಪ್ರವೇಶಾಧಿಕಾರಿಯು ಇನ್ಸ್ಲೀ ಕ್ಲಾರ್ಕ್. ಅರ್ಜಿಯನ್ನು ಓದಿ ನಿರ್ಣಯಿಸುವವನು ಹಣದ ಕಾಗದವನ್ನು ಕಣ್ಣೆತ್ತಿಯೂ ನೋಡಕೂಡದು; ಮೊದಲು ಪ್ರವೇಶ, ಆ ಮೇಲೆ ಹಣದ ವಿಚಾರ, ಎಷ್ಟು ಕೊರತೆಯೋ ಅಷ್ಟನ್ನು ವಿದ್ಯಾಪೀಠವೇ ತುಂಬಬೇಕು. ಇದಕ್ಕೆ ನೀಡ್-ಬ್ಲೈಂಡ್ ಎಂದು ಹೆಸರಾಯಿತು. ಬಡತನವನ್ನು ಕಾಣದ ಪ್ರವೇಶವೆಂದು ನಾವು ಹೇಳೋಣ. ತಮ್ಮ ಮಕ್ಕಳಿಗೆ ಸ್ಥಳವು ಕಡಿಮೆಯಾಗುವದನ್ನು ಕಂಡು ಹಳೆಯ ವಿದ್ಯಾರ್ಥಿಗಳು ಕೆಂಡವಾದರು. ೧೯೬೯ರಲ್ಲಿ ಯೇಲ್, ಪ್ರಿನ್ಸ್‌ಟನ್‌ಗಳು ಹೆಣ್ಣುಮಕ್ಕಳಿಗೂ ಬಾಗಿಲನ್ನು ತೆರೆದವು. ಕೊಲಂಬಿಯಾ ಕಾಲೇಜು ಆ ಪುಣ್ಯಕಾರ್ಯಕ್ಕೆ ೧೯೮೩ರವರೆಗೆ ಮುಹೂರ್ತವನ್ನು ನೋಡುತ್ತ ಕುಳಿತಿತು.

ಇಲ್ಲಿಗೆ ಕಾಯದೆಯು ತಾನಾಗಿ ಬಂದಿತು, ಕ್ಷಮಿಸಬೇಕು. ೧೯೫೦ರ ದಶಕದ ಕೊನೆಯಿಂದ ಈ ದೊಡ್ಡ ಕಾಲೇಜುಗಳ ಅಧಿಕಾರಿಗಳು ಪ್ರತಿ ವಸಂತದಲ್ಲಿ ಒಂದೆಡೆ ಕೂಡುತ್ತಿದ್ದರು. ಎರಡು ಮೂರು ಕಾಲೇಜುಗಳಲ್ಲಿ ಏಕಕಾಲಕ್ಕೆ ಪ್ರವೇಶವು ದೊರೆತ ವಿದ್ಯಾರ್ಥಿಗಳ ಯಾದಿಯನ್ನು ಮುಂದಿಟ್ಟುಕೊಂಡು, ಈ ಹುಡುಗನ ತಂದೆಯು ಇಂತಿಷ್ಟು ಕೊಡಬಲ್ಲನೆಂದು ಒಮ್ಮತದಿಂದ ನಿಶ್ಚಯಿಸುತ್ತಿದ್ದರು. ಎಲ್ಲಿಗೆ ಹೋದರೂ ಅವನಿಗೆ ಬೀಳುವ ಖರ್ಚು ಒಂದೇ ಆಗಬೇಕು. ಜಾಣರನ್ನು ಸೆಳೆಯುವದಕ್ಕಾಗಿ ಒಬ್ಬರ ಮೇಲೊಬ್ಬರು ಸವಾಲು ಕೂಗಕೂಡದು. ೧೯೯೧ರಲ್ಲಿ ಅಮೇರಿಕೆಯ ಸರಕಾರವು ಇವರ ಮೇಲೆ ದಾವೆಯನ್ನು ಹೂಡಿತು. ವರ್ತಕರು ಕೂಟವನ್ನು ಕಟ್ಟಿ ಬೆಲೆಯನ್ನು ನಿಗದಿ ಮಾಡಕೂಡದೆಂಬ ೧೮೯೦ರ ಶೆರ್ಮನ್ ಕಾಯದೆಯನ್ನು ಇವರು ಮುರಿದಿದ್ದಾರೆ ಎಂಬುದು ಫಿರ್ಯಾದಿ. ಎಂಟು ವಿದ್ಯಾಪೀಠಗಳು ಇನ್ನು ಮೇಲೆ ಹಾಗೆ ಮಾಡುವದಿಲ್ಲವೆಂದು ಬರೆದುಕೊಟ್ಟು ಪಾರಾದವು. ಎಂ.ಐ.ಟಿ. ಒಂದೇ ನಿಂತು ಹೋರಾಡಿತು.

ಈ ಮೊಕದ್ದಮೆಯಷ್ಟು ರುಚಿಯಾದದ್ದನ್ನು ನಾವು ಬಹಳ ದಿನಗಳಿಂದ ಓದಿರಲಿಲ್ಲ. ಏಕೆಂದರೆ ಎರಡು ಪಕ್ಷಗಳಲ್ಲಿಯೂ ನ್ಯಾಯವಿದೆ. ಸಹಾಯವೆಂಬುದು ದಾನವೇ ಹೊರತು ವ್ಯಾಪಾರವಲ್ಲ, ನಾವು ಒಬ್ಬರಿಗೊಬ್ಬರು ಸವಾಲು ಕೂಗತೊಡಗಿದರೆ ಹಣವೆಲ್ಲ ಜಾಣರಾದ ಉಳ್ಳವರ ಮಕ್ಕಳ ಪಾಲಾಗಿ ಬಡವರಿಗೆ ಏನೂ ಉಳಿಯದು ಎಂದು ಎಂ.ಐ.ಟಿ. ವಾದಿಸಿತು. ಸರಕಾರದ ವಕೀಲರು, ರಿಯಾಯತಿಯೂ ಬೆಲೆಯ ಒಂದು ಭಾಗವೇ, ಅದನ್ನು ಕೂಡಿ ನಿರ್ಣಯಿಸಿದರೆ ಕೊಳ್ಳುವ ಕುಟುಂಬಕ್ಕೆ ಚೌಕಾಶಿಯ ಹಕ್ಕು ಎಲ್ಲಿ ಉಳಿಯಿತು ಎಂದರು. ೧೯೯೨ರಲ್ಲಿ ಎಂ.ಐ.ಟಿ. ಸೋತಿತು, ೧೯೯೩ರಲ್ಲಿ ಮೇಲಿನ ನ್ಯಾಯಾಲಯವು, ಬಡವರ ಹಿತವೆಂಬ ವಾದವನ್ನು ಕೆಳಗಿನವರು ಸರಿಯಾಗಿ ತೂಗಿ ನೋಡಲಿಲ್ಲವೆಂದು ಪ್ರಕರಣವನ್ನು ಮರಳಿ ಕಳಿಸಿತು, ಕೊನೆಗೆ ರಾಜಿಯಾಯಿತು. ೧೯೯೪ರಲ್ಲಿ ಅಲ್ಲಿಯ ಸಂಸತ್ತೇ ಒಂದು ಕಲಮನ್ನು ಕೂಡಿಸಿತು: ಬಡತನವನ್ನು ಕಾಣದೆಯೇ ಎಲ್ಲರಿಗೂ ಪ್ರವೇಶವನ್ನು ಕೊಡುವ ಕಾಲೇಜುಗಳು ಲೆಕ್ಕದ ಪದ್ಧತಿಯನ್ನು ಮಾತ್ರ ಕೂಡಿ ರೂಪಿಸಬಹುದು. ೨೦೨೨ರ ಸೆಪ್ಟೆಂಬರ ೩೦ಕ್ಕೆ ಆ ಕಲಮಿನ ಅವಧಿಯು ತೀರಿತು.

ಅವಧಿಯು ತೀರುವ ಮೊದಲೇ, ಅದೇ ವರುಷದ ಜನವರಿಯಲ್ಲಿ, ಹಳೆಯ ವಿದ್ಯಾರ್ಥಿಗಳು ಹದಿನಾರು ವಿದ್ಯಾಪೀಠಗಳ ಮೇಲೆ ದಾವೆಯನ್ನು ತಂದರು. ನೀವು ಬಡತನವನ್ನು ಕಾಣದಿರಬಹುದು, ಆದರೆ ಸಿರಿತನವನ್ನು ಚೆನ್ನಾಗಿ ಕಾಣುತ್ತೀರಿ. ದಾನಿಗಳ ಮಕ್ಕಳಿಗೆ ಬೇರೊಂದು ಯಾದಿಯನ್ನಿಟ್ಟವರು ಕುರುಡರೆಂದು ಹೇಳಿಕೊಳ್ಳುವದು ಹೇಗೆ? ಇದು ವಾದಿಗಳ ಪ್ರಶ್ನೆಯು. ಹತ್ತು ವಿದ್ಯಾಪೀಠಗಳು, ತಪ್ಪನ್ನು ಒಪ್ಪದೆಯೇ, ೨೦೨೪ರ ಮೊದಲ ತಿಂಗಳುಗಳ ಹೊತ್ತಿಗೆ ಒಟ್ಟು ೨೮ ಕೋಟಿ ೪೦ ಲಕ್ಷ ಡಾಲರುಗಳನ್ನು ಕೊಟ್ಟು ರಾಜಿಯಾದವು. ತಪ್ಪಿಲ್ಲದವರು ಇಷ್ಟು ಹಣವನ್ನು ಏಕೆ ಕೊಡುವರೆಂದು ನೀವು ಕೇಳಬಹುದು. ಮೊಕದ್ದಮೆಯ ಖರ್ಚಿಗೆ ಅಂಜಿ ನಿರ್ದೋಷಿಗಳೂ ರಾಜಿಯಾಗುವದುಂಟು. ಅದನ್ನು ನಾವು ಬಲ್ಲೆವು. ಆದರೂ ಪ್ರಶ್ನೆಯು ಸರಿಯಾದದ್ದೇ.

ಏಕೆಂದರೆ ಹಣದ ಬಾಗಿಲು ಈ ಇಪ್ಪತ್ತೈದು ವರುಷಗಳಲ್ಲಿ ನಿಜವಾಗಿಯೂ ತೆರೆದಿದೆ. ೨೦೦೧ರಲ್ಲಿ ಪ್ರಿನ್ಸ್‌ಟನ್ ತನ್ನ ಸಹಾಯದಿಂದ ಸಾಲವೆಂಬುದನ್ನೇ ತೆಗೆದುಹಾಕಿ, ಮರಳಿಸಬೇಕಾಗಿಲ್ಲದ ವೇತನವನ್ನು ಕೊಡತೊಡಗಿತು. ೨೦೦೪ರಲ್ಲಿ ಹಾರ್ವರ್ಡು ವಾರ್ಷಿಕ ೪೦ ಸಾವಿರ ಡಾಲರುಗಳ ಒಳಗಿನ ವರಮಾನದವರು ಏನನ್ನೂ ಕೊಡಬೇಕಾ‌ಗಿಲ್ಲವೆಂದಿತು. ಆ ಮಿತಿಯು ಏರುತ್ತ ಏರುತ್ತ ೨೦೨೫ರಲ್ಲಿ ಒಂದು ಲಕ್ಷ ಡಾಲರಾಯಿತು. ಎರಡು ಲಕ್ಷದವರೆಗಿನವರಿಗೆ ಬೋಧನಶುಲ್ಕವಿಲ್ಲ. ಅಲ್ಲಿಯ ಒಂದು ವರುಷದ ಒಟ್ಟು ವೆಚ್ಚವೆಂದು ೨೦೨೫-೨೬ಕ್ಕೆ ಅಚ್ಚು ಹಾಕಿರುವದು ೮೬,೯೨೬ ಡಾಲರು, ನಮ್ಮ ರೂಪಾಯಿಗಳಲ್ಲಿ ಎಪ್ಪತ್ತು ಲಕ್ಷಕ್ಕೂ ಮಿಕ್ಕು! ನೀವು ಆ ಅಂಕಿಯನ್ನು ಕಂಡು ಪುಸ್ತಕವನ್ನು ಮುಚ್ಚುವಿರಿ. ಆದರೆ ಒಳಗೆ ಹೋಗಲು ಸಾಧ್ಯವಾದ ಬಡವನಿಗೆ ಅದು ಬರಿಯ ಅಂಕಿಯೇ ಸರಿ. ಅವನಿಗೆ ಅದು ಅಗ್ಗದ ಕಾಲೇಜಿಗಿಂತ ಅಗ್ಗ.

ಒಳಗೆ ಹೋಗುವವರು ಯಾರು? ರಾಜ್ ಚೆಟ್ಟಿ ಮೊದಲಾದ ಅರ್ಥಶಾಸ್ತ್ರಜ್ಞರು ಅಲ್ಲಿಯ ಆದಾಯಕರದ ದಾಖಲೆಗಳನ್ನು ಕೂಡಿಸಿ ನೋಡಿ ೨೦೧೭ರಲ್ಲಿ ಹೇಳಿದ್ದೇನೆಂದರೆ, ೩೮ ಕಾಲೇಜುಗಳಲ್ಲಿ, ವರಮಾನದಲ್ಲಿ ತುದಿಯ ನೂರಕ್ಕೊಂದು ಪಾಲಿನವರ ಮಕ್ಕಳು ಕೆಳಗಿನ ಅರವತ್ತು ಪಾಲಿನವರ ಮಕ್ಕಳಿಗಿಂತ ಹೆಚ್ಚಾಗಿದ್ದಾರೆ. ೨೦೨೩ರಲ್ಲಿ ಅವರೇ ಇನ್ನೂ ತೀಕ್ಷ್ಣವಾದ ಲೆಕ್ಕವನ್ನು ಕೊಟ್ಟರು: ಪರೀಕ್ಷೆಯಲ್ಲಿ ಸಮಾನ ಅಂಕಗಳನ್ನು ಪಡೆದ ಇಬ್ಬರಲ್ಲಿ, ಆ ತುದಿಯ ಮನೆಯ ಮಗುವು ಹನ್ನೆರಡು ಶ್ರೇಷ್ಠ ಕಾಲೇಜುಗಳಲ್ಲೊಂದನ್ನು ಸೇರುವ ಸಂಭವವು ಮಧ್ಯಮ ಮನೆಯ ಮಗುವಿಗಿಂತ ಎರಡು ಪಟ್ಟಿಗೂ ಹೆಚ್ಚು. ಕಾರಣಗಳು ಮೂರು: ಹಳೆಯ ವಿದ್ಯಾರ್ಥಿಯ ಮಗುವೆಂಬುದು, ಆಟಗಾರರಿಗಾಗಿ ತೆಗೆದಿಟ್ಟ ಸ್ಥಳಗಳು, ಮತ್ತು ಓದಿನ ಹೊರಗಿನ ಗುಣಗಳಿಗೆ ಹಾಕುವ ದರ್ಜೆ. ಮೂರನೆಯದು ನಿಮಗೆ ಪರಿಚಿತವೆಂದು ತೋರುವದಿಲ್ಲವೇ? ಲೊವೆಲ್ಲನ ಶೀಲವೇ ಅದು, ಅಂಗಿಯನ್ನು ಬದಲಿಸಿದೆ.

ಈ ದರ್ಜೆಯ ಮಾತು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಏಶಿಯಾ ಮೂಲದ ವಿದ್ಯಾರ್ಥಿಗಳಿಗೆ ಹಾರ್ವರ್ಡು ವ್ಯಕ್ತಿತ್ವದ ದರ್ಜೆಯನ್ನು ಕಡಿಮೆ ಹಾಕುತ್ತದೆಂಬುದು ವಾದಿಗಳ ದೂರು. ಅಲ್ಲಿ ನೆಲೆಸಿದ ನಮ್ಮ ಕರ್ನಾಟಕಸ್ಥರ ಮಕ್ಕಳೂ ಆ ವರ್ಗದಲ್ಲಿಯೇ ಬರುವರು. ಕೆಳಗಿನ ನ್ಯಾಯಾಲಯವು ಉದ್ದೇಶಪೂರ್ವಕವಾದ ಭೇದವು ಸಿದ್ಧವಾಗಲಿಲ್ಲವೆಂದಿತು. ೨೦೨೩ರ ಜೂನ್ ೨೯ರಂದು ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವದನ್ನೇ ನಿಲ್ಲಿಸಿತು. ಕರಿಯರಿಗೆ ಇದ್ದ ಒಂದು ಆಸರೆಯು ಇದರಿಂದ ಹೋಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳ ವತನವನ್ನು ಮಾತ್ರ ಆ ತೀರ್ಪು ಮುಟ್ಟಲಿಲ್ಲ. ಇದು ನಮಗೆ ನ್ಯಾಯವೆಂದು ತೋರಲಿಲ್ಲ. ಅದೇ ವಿಚಾರಣೆಯ ಸಾಕ್ಷ್ಯದಲ್ಲಿ ಹೊರಬಿದ್ದ ಸಂಗತಿಯೆಂದರೆ, ಅಂಥ ಮಕ್ಕಳಲ್ಲಿ ನೂರಕ್ಕೆ ಸುಮಾರು ೩೩ ಜನರಿಗೆ ಪ್ರವೇಶವು ದೊರೆಯುತ್ತಿದ್ದಿತು. ಯಾವ ರಿಯಾಯತಿಯೂ ಇಲ್ಲದವರಲ್ಲಿ ನೂರಕ್ಕೆ ಸುಮಾರು ಆರು ಜನರಿಗೆ. ಜಾನ್ಸ್ ಹಾಪ್ಕಿನ್ಸ್, ಆಮ್ಹರ್ಸ್ಟ್ ಮುಂತಾದ ಕೆಲವು ಸಂಸ್ಥೆಗಳು ತಾವಾಗಿಯೇ ಇದನ್ನು ಬಿಟ್ಟಿವೆ. ಕ್ಯಾಲಿಫೋರ್ನಿಯಾ ಪ್ರಾಂತವು ೨೦೨೫ರ ಸೆಪ್ಟೆಂಬರದಿಂದ ಖಾಸಗಿ ಕಾಲೇಜುಗಳಲ್ಲಿಯೂ ಇದನ್ನು ಕಾಯದೆಯಿಂದ ನಿಷೇಧಿಸಿದೆ. ೨೦೧೯ರಲ್ಲಿ ಲಂಚ ಕೊಟ್ಟು, ಆಡದ ಆಟಗಳಿಗೆ ಸುಳ್ಳು ಆಟಗಾರರನ್ನು ಸೃಷ್ಟಿಸಿ ಮಕ್ಕಳನ್ನು ಸೇರಿಸಿದ ಪ್ರಕರಣವೊಂದು ಬಯಲಾಯಿತು. ಅದರ ಸೂತ್ರಧಾರನು ತನ್ನದನ್ನು ಪಕ್ಕದ ಬಾಗಿಲೆಂದು ಕರೆದುಕೊಂಡನು. ದೊಡ್ಡ ದಾನಗಳದು ಹಿಂಬಾಗಿಲು. ಹಿಂಬಾಗಿಲಿಗಿಂತ ತನ್ನದು ಅಗ್ಗವೆಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದನಂತೆ!

ಮಾಸ್ತರರ ಎರಡು ಚೌಕಗಳಿಗೆ ಮರಳೋಣ. ಬಡತನವನ್ನು ಕಾಣದ ಪ್ರವೇಶವೆಂಬುದು ಬಹುಪಾಲು ಕಾಲೇಜುಗಳಲ್ಲಿ ಸ್ವದೇಶದವರಿಗೆ ಮಾತ್ರ. ಪರದೇಶದ ವಿದ್ಯಾರ್ಥಿಯು ಸಹಾಯವನ್ನು ಬೇಡಿದರೆ ಆ ಬೇಡಿಕೆಯನ್ನು ಅರ್ಜಿಯ ತಕ್ಕಡಿಯಲ್ಲಿ ಹಾಕಿಯೇ ತೂಗುವರು. ಆದುದರಿಂದ ಪೇಟೆಯ ಸಲಹೆಗಾರನ ಮಾತು ಪೂರಾ ಸುಳ್ಳಲ್ಲ. ಆದರೆ ಪರದೇಶದವರಿಗೂ ಅದೇ ನಿಯಮವನ್ನು ಅನ್ವಯಿಸಿ, ಪೂರ್ಣ ಕೊರತೆಯನ್ನು ತುಂಬಿಕೊಡುವ ಸಂಸ್ಥೆಗಳು ಕೈಬೆರಳುಗಳಲ್ಲಿ ಎಣಿಸುವಷ್ಟಿವೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್ಹರ್ಸ್ಟ್, ೨೦೨೨ರಿಂದ ಡಾರ್ಟ್‌ಮತ್ ಮತ್ತು ಬೋಡನ್, ೨೦೨೫ರಿಂದ ಬ್ರೌನ್ ಮೊದಲಾದವು. ಅಲ್ಲಿ ಸತ್ಯಕ್ಕೆ ದಂಡವಿಲ್ಲ. ಅಲ್ಲಿರುವ ತೊಂದರೆಯು ಬೇರೆ: ನೂರು ಜನರು ಬೇಡಿದರೆ ನಾಲ್ಕೈದು ಜನರಿಗೆ ಸ್ಥಳ, ಹಾರ್ವರ್ಡಿನಲ್ಲಿ ಅದಕ್ಕೂ ಕಡಿಮೆಯಾದ ವರುಷಗಳುಂಟು. ಮೇಲಾಗಿ ೨೦೨೫ರ ಮೇ ತಿಂಗಳಲ್ಲಿ ಅಲ್ಲಿಯ ಸರಕಾರವು ಹಾರ್ವರ್ಡಿಗೆ ಪರದೇಶದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅಧಿಕಾರವನ್ನೇ ಕಿತ್ತುಕೊಳ್ಳಲು ಹೋಗಿ, ನ್ಯಾಯಾಲಯವು ಮರುದಿನವೇ ತಡೆಯಾಜ್ಞೆಯನ್ನು ಕೊಡಬೇಕಾಯಿತು.

ಇದೆಲ್ಲವನ್ನೂ ನಾವು ಮಾಸ್ತರರಿಗೆ ಹೇಳಿದೆವು. ಹುಡುಗಿಯು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಅವಳು ಮೊದಲು ಆರಿಸಿದ್ದ ಕಾಲೇಜು ಈ ಯಾದಿಯಲ್ಲಿರಲಿಲ್ಲ. ಅದನ್ನು ಬಿಟ್ಟು ಯಾದಿಯಲ್ಲಿಯ ಮೂರಕ್ಕೆ ಅರ್ಜಿ ಹಾಕುವೆನೆಂದಳು. ಇಲ್ಲಿಯ ಇಂಜಿನಿಯರಿಂಗ್ ಪ್ರವೇಶಪರೀಕ್ಷೆಗೂ ಓದುವೆನೆಂದಳು. ಬೇಕು ಎಂಬ ಚೌಕದಲ್ಲಿ ತಾನೇ ಗುರುತು ಹಾಕಿದಳು. ಉತ್ತರವು ಮಾರ್ಚ್ ತಿಂಗಳ ಕೊನೆಗೆ ಬರುವದು.

ಶಿಕ್ಷಕ ಬಂಧುಗಳೇ, ನಿಮ್ಮ ವರ್ಗಗಳಲ್ಲಿಯೂ ಇಂಥ ಮಕ್ಕಳಿರಬಹುದು. ಅವರ ಪರವಾಗಿ ಶಿಫಾರಸು ಪತ್ರವನ್ನು ಬರೆಯಬೇಕಾದವರು ನೀವೇ. ಮಗುವು ಒಳ್ಳೆಯದು, ವಿಧೇಯವಾದದ್ದು ಎಂದು ಎರಡು ಸಾಲು ಬರೆದು ರುಜು ಹಾಕಬೇಡಿರಿ. ಅದು ಯಾವ ಲೆಕ್ಕವನ್ನು ಯಾವ ಹೊಸ ದಾರಿಯಿಂದ ಬಿಡಿಸಿತು, ಮನೆಯಲ್ಲಿ ಏನೇನು ಕೆಲಸವನ್ನು ಮಾಡಿ ಶಾಲೆಗೆ ಬರುತ್ತದೆ ಎಂಬುದನ್ನು ಬರೆಯಿರಿ. ಧನಸಹಾಯದ ಫಾರ್ಮಿನಲ್ಲಿ ಸಂಬಳ, ಮನೆ, ಹೊಲ, ಸಾಲ ಎಲ್ಲವನ್ನೂ ಕೇಳುವರು. ನಮ್ಮ ಪಹಣಿ ಪತ್ರಿಕೆಯನ್ನು ಇಂಗ್ಲೀಷಿನಲ್ಲಿ ತಿಳಿಸಿ ಹೇಳುವದು ಹಗುರಾದ ಕೆಲಸವಲ್ಲ. ಅಂಥ ಕಾಗದಗಳನ್ನು ತೆಗೆದುಕೊಂಡು ರವಿವಾರ ಮುಂಜಾನೆ ನಮ್ಮ ಕಚೇರಿಗೆ ಬರಬಹುದು. ಆ ದಿನ ಪಕ್ಷಗಾರರಾರೂ ಇರುವದಿಲ್ಲ, ಫೀಯೂ ಇಲ್ಲ. ಜನವರಿ ಒಂದಕ್ಕೆ ಹಲವು ಅರ್ಜಿಗಳ ಗಡುವು ಮುಗಿಯುವದರಿಂದ, ಬರುವ ವರುಷದವರು ನವರಾತ್ರಿಯ ಹೊತ್ತಿಗೇ ಬಂದರೆ ಒಳ್ಳೆಯದು.